ದನಿ ಇಲ್ಲದ ಟಿವಿ

ಮೊಬೈಲಿನಲ್ಲಿ ನಾನು ನೋಡದ ವೆಬ್ ಸೀರೀಸ್ ಇಲ್ಲ. ಆದರೂ ನನಗೆ ಅಚ್ಚುಮೆಚ್ಚು ಪಕ್ಕದ ಮನೆಯ ಖಾಲಾ, ಅಂದರೆ ನಮ್ಮೆಲ್ಲರ ಚಿಕ್ಕಮ್ಮ, ಅವರ ಹಳೆಯ ಟಿವಿ. ಅದರಲ್ಲಿ ಚಿತ್ರ ಬರುತ್ತಿತ್ತು, ದನಿ ಬರುತ್ತಿರಲಿಲ್ಲ. ಹಾಗಾಗಿ ಸಂಜೆಯ ಧಾರಾವಾಹಿಯ ಎಲ್ಲರಿಗೂ ಖಾಲಾ ಒಬ್ಬರೇ ಮಾತು ಕೊಡುತ್ತಿದ್ದರು, ಅಡಿಕೆ ಕತ್ತರಿಸುತ್ತಲೇ. ಕೇಳಲು ಬಸವಕಲ್ಯಾಣದ ಅರ್ಧ ಊರು ಬರುತ್ತಿತ್ತು. ಉಳಿದರ್ಧಕ್ಕೆ ಜಾಗ ಸಾಲುತ್ತಿರಲಿಲ್ಲ.

ಮೈತುಂಬ ಒಡವೆ ಹೇರಿಕೊಂಡ ಅತ್ತೆ ಬಾಯಿ ತೆರೆದರೆ ಸಾಕು, ಖಾಲಾ ಗದರುತ್ತಿದ್ದರು: “ನಳಾ ಬಂದಾಗ ಎಲ್ಲಿ ಹೋಗಿದ್ದಿ? ಕೊಡಾ ಎಲ್ಲಾ ಖಾಲಿ ಅವ.”

ಸೊಸೆ ಅತ್ತರೆ ಅವರ ದನಿ ಸಣ್ಣದಾಗುತ್ತಿತ್ತು: “ಏನ್ ಮಾಡ್ಲಿರಿ ಅತ್ತಿ, ಮಂಠಾಳದಾಗ ಬಸ್ ತಪ್ಪಿತ್ರಿ.”

ಒಮ್ಮೆ ಖಾಲಾ ಅವರ ಅಳಿಯ ಬಂದು ಟಿವಿಯ ದನಿ ರಿಪೇರಿ ಮಾಡಿಸಿದ. ಧಾರಾವಾಹಿಯ ಅತ್ತೆ “ಆಸ್ತಿ, ವಕೀಲ” ಎಂದೇನೋ ಕಿರುಚತೊಡಗಿದಳು. ನನಗೆ ತಡೆಯಲಾಗಲಿಲ್ಲ.

“ಖಾಲಾ, ಬಂದ್ ಮಾಡ್ರಿ. ಈಕಿಗಿ ಮಾತಾಡಾಕ ಬರಂಗಿಲ್ಲ.”

ಖಾಲಾ ನಗುತ್ತ ದನಿ ಪೂರ್ತಿ ಇಳಿಸಿದರು. “ಹೌದು ಬೇಟಾ, ನೀರಿನ ಮಾತೇ ತಗೀವಲ್ಲಳು.”

ಈಗ ಖಾಲಾ ಹುಮನಾಬಾದಿನಲ್ಲಿ ಮಗಳ ಮನೆಯಲ್ಲಿದ್ದಾರೆ. ನಮ್ಮ ಹೊಸ ಟಿವಿಯ ದನಿ ಮುಡಬಿಯವರೆಗೂ ಕೇಳಿಸುತ್ತದೆ. ಆದರೂ ಧಾರಾವಾಹಿ ಶುರುವಾದೊಡನೆ ನಾನು ಅದನ್ನು ಮ್ಯೂಟ್ ಮಾಡುತ್ತೇನೆ. ಅತ್ತೆ ಬಾಯಿ ತೆರೆಯುತ್ತಾಳೆ, ಮುಚ್ಚುತ್ತಾಳೆ. ಕೊಡ ತುಂಬಿತೋ ಇಲ್ಲವೋ, ಯಾರೂ ಹೇಳುವುದಿಲ್ಲ.