ಬಾಗಿಲ ಮೇಲಿನ ನಂಬರು

ನಾನು ಹಿಂದಿನ ದಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ ನಂಬರನ್ನು, ಬಿದ್ರಿ ಕೆಲಸದ ಮುಸ್ಲಿಂ ಮನೆಯ ಅಜ್ಜಿ ಹಸಿ ಬಟ್ಟೆಯಿಂದ ತಿಕ್ಕುತ್ತಿದ್ದರು. ನಿಜಾಮನ ರಾಜ್ಯಕ್ಕೆ ಭಾರತದ ಸೇನೆ ಬಂದ ಪೊಲೀಸ್ ಆ್ಯಕ್ಷನ್ ಆಗಿ, ಮುಸ್ಲಿಮರ ಮನೆಗಳ ಮೇಲೆ ದಾಳಿ ನಡೆದ ಮರುವರ್ಷ ಅದು. ಬೀದರಿನ ಮನೆ, ಅಂಗಡಿಗಳ ಗಣತಿಗೆ ತಯಾರಿ ನಡೆದಿತ್ತು. ಸರ್ಕಾರಿ ಕೆಲಸ ಕೆಡಿಸುತ್ತೀರಾ ಎಂದು ಗದರಿದೆ.

"ಹ್ವಾದ ವರ್ಷನೂ ಮೊದಲ ಗುರ್ತು ಹಾಕಿದ್ರು, ಸಾಬ. ಮಂದಿ ಆಮ್ಯಾಲ ಬಂದ್ರು," ಎಂದರು, ಕೈ ನಿಲ್ಲಿಸದೆ.

ಪಕ್ಕದ ಕಿರಾಣಿ ಅಂಗಡಿಯ ಶಿವಣ್ಣನಾದರೂ ಬುದ್ಧಿ ಹೇಳಲಿ ಎಂದು ತಿರುಗಿದೆ. ಅವನ ಹಣೆಯಲ್ಲಿ ವಿಭೂತಿ, ಕೈಯಲ್ಲಿ ಹಸಿ ಬಟ್ಟೆ. ತನ್ನ ನಂಬರನ್ನೇ ಒರೆಸುತ್ತಿದ್ದ.

"ನಮ್ಮದಷ್ಟ ಉಳದ್ರ, ಅಳಿಸಿದ ಮನಿ ಯಾರದಂತ ಗೊತ್ತಾಗ್ತದಲ್ರಿ."

ಇಂದಿಗೂ ನಮ್ಮ ಬಾಗಿಲಿಗೆ ಯಾರಾದರೂ ನಂಬರು ಬರೆದು ಹೋದರೆ, ಪಕ್ಕದ ಮನೆಗೂ ಬರೆದಿದ್ದಾರೆಯೇ ಎಂದು ಹೊರಗೆ ಬಂದು ನೋಡುತ್ತೇನೆ.