ಬಳೆ ಡಬ್ಬಿಯ ಗುಳಿಗೆ

ಮದುವೆ ಮಾತುಕತೆಯಲ್ಲಿ ನನ್ನ ಥೈರಾಯ್ಡ್ ಗುಳಿಗೆಯ ವಿಷಯವನ್ನು ಅವ್ವ ಎತ್ತಲೇ ಇಲ್ಲ. "ಕೇಳಿದ್ರ ಹೇಳೂಣು. ಕೇಳದಿದ್ರ ನಾವ್ಯಾಕ ಹೇಳೂದು?" ಎಂದಳು. ಯಾರೂ ಕೇಳಲಿಲ್ಲ. ಶಿಗ್ಲಿಯ ಗಂಡನ ಮನೆಯಲ್ಲಿ ಗುಳಿಗೆಗಳು ಬಳೆ ಡಬ್ಬಿಯ ತಳ ಸೇರಿದವು. ರಕ್ತ ಪರೀಕ್ಷೆಯೆಲ್ಲ ತವರೂರು ಮುಂಡರಗಿಯಲ್ಲಿ. ಗಂಡನಿಗೂ ಹೇಳಲಿಲ್ಲ, ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಗುಳಿಗೆ ನುಂಗಿದರೆ ಅರ್ಧ ತಾಸು ಚಹಾ ಕುಡಿಯುವಂತಿಲ್ಲ. ಮೊದಮೊದಲು ಎದ್ದ ಕೂಡಲೇ ಚಹಾ ಕೊಡುತ್ತಿದ್ದ ಅತ್ತೆ, ಮುಂದೆ ಪೂಜೆ ಮುಗಿಸಿಯೇ ಒಲೆ ಹಚ್ಚುವ ರೂಢಿ ಮಾಡಿಕೊಂಡರು. ನನಗೆ ಅನುಕೂಲವೇ ಆಯಿತು. ಆದರೂ ಮುದುಕಿಗೆ ಭಕ್ತಿ ಜಾಸ್ತಿಯಾಗಿದೆ ಎಂದು ತವರಿನಲ್ಲಿ ಆಡಿಕೊಂಡು ನಕ್ಕಿದ್ದೆ.

ಆರನೇ ವರ್ಷ ಅತ್ತೆ ಅಂಗಳದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಗದಗದ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ರಕ್ತ ಬೇಕೆಂದರು. ಗಂಡ ಆಗಷ್ಟೇ ಜ್ವರದಿಂದ ಎದ್ದಿದ್ದರು. ನಾದಿನಿಗೆ ತನಗೇ ರಕ್ತ ಸಾಲದು. ನಾನು ಹೊರಟೆ.

"ದಿನಾ ಯಾವ್ದರ ಗುಳಿಗಿ ತಗೋತೀರೇನ್ರಿ?" ಅರ್ಜಿ ತುಂಬುತ್ತಿದ್ದ ನರ್ಸ್ ಕೇಳಿದಳು. ಪಕ್ಕದಲ್ಲೇ ನಾದಿನಿ ನಿಂತಿದ್ದಳು.

"ಇಲ್ರಿ" ಎಂದುಬಿಟ್ಟೆ. ಆರು ವರ್ಷದ ರೂಢಿ, ನಾಲಿಗೆ ನನ್ನನ್ನು ಕೇಳಲೇ ಇಲ್ಲ.

ಮಂಚದ ಮೇಲೆ ಮಲಗಿಸಿ ತೋಳಿಗೆ ಪಟ್ಟಿ ಕಟ್ಟಿದರು. ನನ್ನ ಸುಳ್ಳಿನಿಂದ ಆ ಜೀವಕ್ಕೆ ಏನಾದರೂ ಆದರೆ? ಎದ್ದು ಕುಳಿತೆ.

"ಸುಳ್ಳು ಹೇಳೀನ್ರಿ. ಥೈರಾಯ್ಡ್ ಗುಳಿಗಿ ತಗೋತೀನಿ, ಮದುವಿಗಿಂತ ಮೊದಲಿಂದ."

ನಾದಿನಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಡಾಕ್ಟರು ಬಂದು ಬೈದರು, ಬೈಸಿಕೊಳ್ಳುವಂಥದ್ದೇ ಮಾಡಿದ್ದೆ. ಮೊಬೈಲಿನಲ್ಲಿದ್ದ ರಿಪೋರ್ಟ್ ನೋಡಿ, "ಎಲ್ಲಾ ಸರಿ ಐತಿ, ಡೋಸೂ ಬದಲಾಗಿಲ್ಲ. ನೀವು ಕೊಡಬಹುದು. ಇದನ್ಯಾಕ ಮುಚ್ಚಿಟ್ರಿ?" ಎಂದರು. ನಾನು ಮತ್ತೆ ಮಲಗಿ ತೋಳು ಚಾಚಿದೆ.

ಆಪರೇಷನ್ ಸುಸೂತ್ರವಾಯಿತು. ಮೂರನೇ ದಿನ ಬೆಳಿಗ್ಗೆ ನಾದಿನಿಗೆ ತಡೆಯಲಾಗಲಿಲ್ಲ. "ಯವ್ವಾ, ವೈನಿ ಇಷ್ಟ ವರ್ಷ ಕದ್ದು ಗುಳಿಗಿ ತಗೊಂಡಾಳ" ಎಂದಳು. ನಾನು ತಲೆ ತಗ್ಗಿಸಿದೆ.

"ನನಗ ಗೊತ್ತೈತಿ" ಎಂದರು ಅತ್ತೆ. "ಒಮ್ಮೆ ಕೈ ತಾಗಿ ಬಳಿ ಡಬ್ಬಿ ಬಿತ್ತು. ಒಂದ ಗುಳಿಗಿ ಒಯ್ದು ಔಷಧ ಅಂಗಡ್ಯಾಗ ತೋರಿಸಿದ್ನಿ. ಅರ್ಧ ತಾಸು ಚಾ ಕೊಡಬ್ಯಾಡ್ರಿ ಅಂದ್ರು. ಅವತ್ತಿಂದ ಪೂಜಿ ಮೊದಲ ಮಾಡಾಕತ್ತೀನಿ."

ಆಡಿಕೊಂಡು ನಕ್ಕಿದ್ದ ಬಾಯಿ ಇದು. ಕಣ್ಣೀರು ನಿಲ್ಲಲಿಲ್ಲ.

"ಅಳೂದು ಆಮ್ಯಾಲೆ. ಇವತ್ತಿನ ಗುಳಿಗಿ ತಗೊಂಡಿಯೋ ಇಲ್ಲೋ?"

ಆಸ್ಪತ್ರೆಯ ಗಡಿಬಿಡಿಯಲ್ಲಿ ಮರೆತಿದ್ದೆ. "ಇಲ್ರೀ ಅತ್ತಿ" ಎಂದೆ.

"ತಗೋ ಹಂಗಾರ" ಎಂದು ಅತ್ತೆ, ತಮಗೆಂದು ಆಗಷ್ಟೇ ಬಂದಿದ್ದ ಚಹಾದ ಲೋಟವನ್ನೂ ಅರ್ಧ ತಾಸಿಗೆ ಮುಚ್ಚಿಟ್ಟರು.