ಅಂಗೈಯಲ್ಲಿ ರುಚಿ ನೋಡಿದ್ದು

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮುನ್ನೂರು ಜನಕ್ಕೆ ಅಡುಗೆ ಮಾಡುವ ಹೆಂಗಸನ್ನು ಎಲ್ಲರೂ ದೊಡ್ಡಕ್ಕ ಅಂತಲೇ ಕರೆಯೋದು. ವಯಸ್ಸಿಗೆ ಬಂದ ಹೆಸರಲ್ಲ ಅದು, ಗಾತ್ರಕ್ಕೆ ಬಂದದ್ದು. ನೂರಾ ಹದಿನೆಂಟು ಕಿಲೋ ಇದ್ದಾಗ ಅಂಟಿಕೊಂಡ ಹೆಸರು, ಹೊಟ್ಟೆಯ ಆಪರೇಷನ್ ಆಗಿ ಎಂಬತ್ತನಾಲ್ಕಕ್ಕೆ ಇಳಿದರೂ ಬಿಡಲಿಲ್ಲ. ಜನ ಇಟ್ಟ ಹೆಸರು ಯಾವ ಡಾಕ್ಟರ ಕತ್ತರಿಗೂ ಸಿಗುವುದಿಲ್ಲ.

ಆಪರೇಷನ್ ಅಂದರೆ ಏನೋ ಮಾಯಮಂತ್ರ ಅಂದುಕೊಂಡವರೇ ಜಾಸ್ತಿ. ಹೊಟ್ಟೆಯ ಮುಕ್ಕಾಲು ಪಾಲು ತೆಗೆದುಬಿಟ್ಟರೆ ಆಸೆಯೂ ಅದರ ಜೊತೆಗೇ ಹೋಗುತ್ತಾ? ಮೊದಲ ಎರಡು ತಿಂಗಳು ಹಸಿವು ಅನ್ನೋದೇ ಮರೆತುಹೋಗಿತ್ತು, ನಿಜ. ಆಮೇಲೆ ಶುರುವಾಯಿತು ನೋಡಿ! ಹೊಟ್ಟೆ ಸಾಕು ಅಂದರೆ ಬಾಯಿ ಬೇಕು ಅನ್ನುತ್ತಿತ್ತು. ಡಯಟಿಷಿಯನ್ ಹೇಳಿದ್ದನ್ನು ದೊಡ್ಡಕ್ಕ ಚಾಚೂ ತಪ್ಪದೆ ಮಾಡಿದಳು. ಹೊತ್ತಿಗೆ ಒಂದು ಸಣ್ಣ ಬಟ್ಟಲು, ಅಷ್ಟೇ. ಮೊದಲು ಮೊಟ್ಟೆ ಇಲ್ಲವೇ ಬೇಳೆ, ಆಮೇಲೆ ತರಕಾರಿ, ಜಾಗ ಉಳಿದರೆ ಅನ್ನ. ಒಂದೊಂದು ತುತ್ತನ್ನೂ ನುಣ್ಣಗೆ ಅಗಿಯಬೇಕು, ಊಟದ ಜೊತೆ ನೀರು ಕುಡಿಯುವಂತಿಲ್ಲ. ಅವಸರಪಟ್ಟು ಎರಡು ತುತ್ತು ಹೆಚ್ಚು ನುಂಗಿ, ಎದೆ ಹಿಡಿದುಕೊಂಡು ಬಚ್ಚಲಿಗೆ ಓಡಿದ್ದೂ ಉಂಟು. ಸಂಜೆ ಏನಾದರೂ ತಿನ್ನಬೇಕು ಅನ್ನಿಸಿದರೆ ಒಗೆದ ಬಟ್ಟೆ ಮಡಚಲು ಕೂರುತ್ತಿದ್ದಳು. ನಿಜವಾದ ಹಸಿವಾದರೆ ಉಳಿಯುತ್ತಿತ್ತು. ಬರೀ ಬಾಯಿ ಚಪಲವಾದರೆ ಏಳೆಂಟು ಬಟ್ಟೆ ಮಡಚುವಷ್ಟರಲ್ಲಿ ಹೋಗಿಬಿಡುತ್ತಿತ್ತು.

ಇಷ್ಟೆಲ್ಲಾ ಮಾಡಿಯೂ ಒಂಬತ್ತನೇ ತಿಂಗಳಲ್ಲಿ ತೂಕ ಮತ್ತೆ ಏರತೊಡಗಿತು. ಎಂಬತ್ತಾರು. ಎಂಬತ್ತೊಂಬತ್ತು. ಹೀಗೇ ಹೋದರೆ ನಿಲ್ಲಿಸಿದ ಸಕ್ಕರೆ ಕಾಯಿಲೆಯ ಮಾತ್ರೆ ಮತ್ತೆ ಶುರು ಮಾಡಬೇಕಾಗುತ್ತದೆ ಅಂದರು ಡಾಕ್ಟರು. ತಿಂದದ್ದನ್ನೆಲ್ಲ ಬರೆದಿಟ್ಟ ಪುಸ್ತಕವನ್ನು ದೊಡ್ಡಕ್ಕ ಮುಂದಿಟ್ಟಳು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಡಾಕ್ಟರು ಪುಸ್ತಕ ನೋಡಿದರು, ಅವಳ ಮುಖ ನೋಡಿದರು, ಮುಂದಿನ ತಿಂಗಳ ತಾರೀಕು ಬರೆದುಕೊಟ್ಟರು.

ಡಾಕ್ಟರು ಆಡದೆ ಬಿಟ್ಟ ಮಾತನ್ನು ಮನೆಗೆ ಬಂದ ಮೇಲೆ ಗಂಡ ಆಡಿದ.

"ಕದ್ದು ತಿಂದಿದ್ರೆ ಹೇಳಿಬಿಡು. ನಾನೇನೂ ಬೈಯಲ್ಲ."

"ನಿಮ್ಮಾಣೆ ರೀ, ತಿಂದಿಲ್ಲ."

"ಮತ್ತೆ ಗಾಳಿ ಕುಡಿದು ದಪ್ಪ ಆದ್ಯಾ?"

ಗಂಡನದು ಬೀಗ ರಿಪೇರಿ ಅಂಗಡಿ. ಮರುದಿನ ಬೆಳಿಗ್ಗೆ ನೋಡಿದರೆ ಅಡುಗೆಮನೆಯ ಕಪಾಟಿಗೆ ಹೊಸ ಬೀಗ! ದೊಡ್ಡಕ್ಕನಿಗೆ ಮೈಯೆಲ್ಲಾ ಉರಿದುಹೋಯಿತು. ಇಪ್ಪತ್ತು ವರ್ಷ ಊರವರಿಗೆಲ್ಲ ಬಡಿಸಿದವಳು ತನ್ನ ಮನೆಯಲ್ಲೇ ಕಳ್ಳಿ. ತೂಕ ಹಾಳಾಗಿ ಹೋಗಲಿ, ಕಟ್ಟಿಕೊಂಡ ಗಂಡನೇ ತನ್ನ ಮಾತು ನಂಬಲಿಲ್ಲವಲ್ಲ!

"ನಾಳೆ ಅಂಗಡಿ ಮುಚ್ಚಿ ನನ್ನ ಜೊತೆ ಕ್ಯಾಂಟೀನಿಗೆ ಬನ್ನಿ," ಅಂದಳು. "ಎದುರಿಗೇ ಕೂತ್ಕೊಳ್ಳಿ. ನಾನು ಎಷ್ಟು ಬಾಯಿಗೆ ಹಾಕಿಕೊಳ್ತೀನೋ ಅಷ್ಟನ್ನೇ ಒಂದು ಪಾತ್ರೆಗೆ ಹಾಕ್ತಾ ಹೋಗಿ. ಯಾರ ಮಾತು ಸುಳ್ಳು ಅಂತ ಗೊತ್ತಾಗಲಿ."

ಅವನೂ ಹಟಮಾರಿಯೇ, ಬಂದ. ಬೆಳಿಗ್ಗೆ ಆರೂವರೆಗೆ ಸ್ಟೂಲು ಹಾಕಿಕೊಂಡು, ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಒಲೆಗಳ ಮೇಲೆ ನಾಲ್ಕು ಹಂಡೆ. ಸೂಪು ಕುದಿ ಬಂತು. ದೊಡ್ಡಕ್ಕ ಸೌಟಿನಿಂದ ಅಂಗೈಗೆ ಸುರಿದುಕೊಂಡು ನೆಕ್ಕಿದಳು. ಅವನು ಅಷ್ಟನ್ನೇ ಪಾತ್ರೆಗೆ ಹಾಕಿದ. ಉಪ್ಪು ಬಿದ್ದ ಮೇಲೆ ಇನ್ನೊಂದು ಸಲ. ಗ್ರೇವಿಗೆ ಕೆನೆ ಸುರಿದು ಮೂರು ಸಲ, ಹುಳಿ ಹೆಚ್ಚಾಯಿತೇನೋ ಅಂತ ಮತ್ತೆರಡು ಸಲ. ಬೇಳೆ ಬೆಂದಿದೆಯಾ ಅಂತ ಒಂದು ಸೌಟು, ಆಲೂಗಡ್ಡೆ ಬೆಂದಿದೆಯಾ ಅಂತ ಒಂದು ಹೋಳು. ಕೈ ಬಾಯಿಗೆ ಹೋಗುತ್ತಿದ್ದದ್ದು ಅವಳಿಗೇ ತಿಳಿಯುತ್ತಿರಲಿಲ್ಲ. ರೆಪ್ಪೆ ಬಡಿದದ್ದನ್ನು ಯಾರಾದರೂ ಎಣಿಸುತ್ತಾರಾ?

ಬಡಿಸುವ ಹೊತ್ತಿಗೆ ಗಂಡ ಪಾತ್ರೆ ತಂದು ಎದುರಿಗಿಟ್ಟ.

"ಇದೇನ್ರೀ ಇಷ್ಟೊಂದು? ಯಾರದು?"

"ನಿಂದೇ ಕಣೇ."

"ಹೋಗ್ರೀ, ನೀವೇ ಸುರಿದುಕೊಂಡಿರ್ತೀರಿ."

"ಒಂದು ಚಮಚ ಹೆಚ್ಚು ಹಾಕಿದ್ರೆ ಕೇಳು. ನಿನ್ನ ಬಟ್ಟಲಲ್ಲೇ ಅಳೆದು ನೋಡು."

ಅಳೆದಳು. ನಾಲ್ಕು ಬಟ್ಟಲು ತುಂಬಿ ಇನ್ನೂ ಮಿಕ್ಕಿತು. ಗಟ್ಟಿ ಪದಾರ್ಥವಾಗಿದ್ದರೆ ಹೊಟ್ಟೆ ಬೇಡ ಅಂತ ತಡೆಯುತ್ತಿತ್ತು. ಈ ತೆಳು ಕೆನೆ, ಈ ಎಣ್ಣೆ ಸದ್ದಿಲ್ಲದೆ ಜಾರಿಕೊಂಡು ಹೋಗುತ್ತಿತ್ತು. ಅಡುಗೆಯವಳಿಗೆ ರುಚಿ ನೋಡುವುದು ಕೆಲಸ. ಅದನ್ನು ಊಟ ಅಂತ ಬರೆಯಬೇಕು ಅನ್ನುವ ಯೋಚನೆ ಬಂದಿದ್ದರೆ ತಾನೇ!

ಗಂಡ ಗೆದ್ದೆ ಅಂತ ಬೀಗಲಿಲ್ಲ. "ನೀನು ಸುಳ್ಳು ಹೇಳಿರಲಿಲ್ಲ, ನಿಂಗೇ ಗೊತ್ತಿರಲಿಲ್ಲ. ಕಳ್ಳಿ ಅಂದ್ಕೊಂಡಿದ್ದು ನನ್ನ ತಪ್ಪು," ಅಂದ. ಆ ಮಾತಿಗಾಗಿ ಹಂಬಲಿಸಿದ್ದವಳಿಗೆ ಈಗ ಅದು ಅರ್ಧವೇ ಕೇಳಿಸಿತು. ರುಚಿ ನೋಡದೆ ಮುನ್ನೂರು ಜನಕ್ಕೆ ಬೇಯಿಸೋದು ಹೇಗೆ?

ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುವವನೊಬ್ಬನಿದ್ದ, ಅವಳ ಕೈಕೆಳಗೆ ಹನ್ನೊಂದು ವರ್ಷದಿಂದ. ಅವನಿಗೆ ಒಂದು ದಿನವೂ ಅವಳು ಸೌಟು ಮುಟ್ಟಲು ಬಿಟ್ಟವಳಲ್ಲ. ಮರುದಿನ ಅವನನ್ನು ಕರೆದು ಸೌಟು ಕೈಗಿತ್ತಳು.

"ಉಪ್ಪು ನೋಡು."

"ನಾನಾ, ದೊಡ್ಡಕ್ಕ?"

"ಹೂಂ, ನೀನೇ. ಬಾಯಿ ಬಿಟ್ಕೊಂಡು ನಿಲ್ಲಬೇಡ."

ಅವನು ಅಂಗೈಗೆ ಸುರಿದುಕೊಂಡು ನೆಕ್ಕಿ, ಕಣ್ಣು ಮುಚ್ಚಿ, ತೆರೆದು, "ಒಂದು ಚೂರು ಬೇಕು," ಅಂದ. ದೊಡ್ಡಕ್ಕನ ಬಾಯಲ್ಲಿ ನೀರೂರಿತು. ಬಲಗೈಯನ್ನು ಏಪ್ರನ್ನಿನ ಜೇಬಿನೊಳಗೆ ತುರುಕಿಕೊಂಡು, ಎಡಗೈಯಲ್ಲಿ ಉಪ್ಪು ಉದುರಿಸಿದಳು.

ಹನ್ನೆರಡೂವರೆಗೆ ಜನ ಬಂದರು, ತಿಂದರು, ತಟ್ಟೆ ಇಟ್ಟು ಹೋದರು. ದೊಡ್ಡಕ್ಕ ಕೌಂಟರಿನ ಹಿಂದೆ ನಿಂತು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಇವತ್ತು ಏನೋ ಕಡಿಮೆಯಾಗಿದೆ ಅಂತ ಒಬ್ಬರಾದರೂ ಅನ್ನಲಿ ಅಂತ ಕಾದಳು. ಯಾರೂ ಅನ್ನಲಿಲ್ಲ. ಕೊನೆಗೆ ಬಂದ ಲಾರಿ ಡ್ರೈವರು ಎರಡನೇ ಸಲ ಸೂಪು ಹಾಕಿಸಿಕೊಂಡು, "ಏನು ದೊಡ್ಡಕ್ಕ, ಇವತ್ತು ಕೈರುಚಿ ಬಹಳ ಚೆನ್ನಾಗಿದೆ!" ಅಂದ.

ದೊಡ್ಡಕ್ಕ ನಕ್ಕಳು. ತರಕಾರಿ ಹೆಚ್ಚುವವನ ಕಡೆ ತಿರುಗಿ, "ನಾಳೆಯಿಂದ ಅರ್ಧ ಗಂಟೆ ಮುಂಚೆ ಬಾ," ಅಂದಳು. ಆಮೇಲೆ ಉಗ್ರಾಣಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಹೊಟ್ಟೆ ಕತ್ತರಿಸಿದಾಗಲೂ ಅವಳು ಅಷ್ಟು ಅತ್ತಿರಲಿಲ್ಲ.